ನಯಗೊಳಿಸಿದ ಅಂಗುಳ

ಶನಿವಾರ ಬೆಳಿಗ್ಗೆ ಸುವರ್ಣಾ ಬಣಕಾರ ಪರದೆಯ ಮೇಲಿನ ಒಂದು ಗುಂಡಿ ಒತ್ತಿ ಚಹಾ ಕುಡಿಯಲು ಹೊರಗೆ ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ಕೆಲವು ಸಾವಿರ ಬಾಯಿಗಳು ಗಣಕದೊಳಗೆ ಒಂದರ ಹಿಂದೊಂದು ತೆರೆದು, ತಿದ್ದಿಸಿಕೊಂಡು, ಮುಚ್ಚಿಹೋಗಿದ್ದವು.

ರಾಣೆಬೆನ್ನೂರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿದ್ದ ದಂತಮಾದರಿ ಕೇಂದ್ರದ ಕೆಲಸವೇ ಅದು. ಸುತ್ತಲಿನ ಐದು ಜಿಲ್ಲೆಗಳಲ್ಲಿ ಹಲ್ಲು ಕಳೆದುಕೊಂಡ ಹಿರಿಯರಿಗೆಲ್ಲ ಸರಕಾರ ಆಗ ಪುಕ್ಕಟೆಯಾಗಿ ಹಲ್ಲಿನ ಸೆಟ್ಟು ಕೊಡುತ್ತಿತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದು ಪೆನ್ನಿನಂಥ ಒಂದು ಸ್ಕ್ಯಾನರನ್ನು ಬಾಯೊಳಗೆ ಆಡಿಸಿ ಹೋಗುತ್ತಿದ್ದಳು. ಆ ಬಾಯಿ ಒಂದು ಫೈಲಾಗಿ ಕೇಂದ್ರಕ್ಕೆ ಬರುತ್ತಿತ್ತು. ಫೈಲಿನ ಮೇಲೆ ಹಲ್ಲು ಕೂಡಿಸಿ ಮುದ್ರಣಯಂತ್ರಕ್ಕೆ ಕಳಿಸಿದರೆ ವಾರದೊಳಗೆ ಸೆಟ್ಟು ಊರು ಮುಟ್ಟುತ್ತಿತ್ತು. ಆದರೆ ಹಲ್ಲು ಹೋದ ದವಡೆ ಸುಮ್ಮನಿರುವುದಿಲ್ಲ, ವರ್ಷ ಕಳೆದಂತೆ ಕರಗುತ್ತ ಹೋಗುತ್ತದೆ. ಯಾರ ದವಡೆ ಎಷ್ಟು ಕರಗಿರುತ್ತದೆ ಎಂಬುದನ್ನು ತಂತ್ರಾಂಶ ತಾನೇ ಅಂದಾಜು ಮಾಡಬಲ್ಲದಾಗಿತ್ತು. ಹಾಗಾಗಿ ಎರಡು ವರ್ಷಕ್ಕೊಮ್ಮೆ ಎಲ್ಲ ಫೈಲುಗಳನ್ನೂ ಒಟ್ಟಿಗೆ ತೆರೆದು, ಹೊಸ ಅಳತೆಗೆ ತಿದ್ದಿ, ಎಲ್ಲರಿಗೂ ಹೊಸ ಸೆಟ್ಟು ಮುದ್ರಿಸುತ್ತಿದ್ದರು. ಮೊದಲು ಈ ಕೆಲಸಕ್ಕೆ ಒಂದು ಹಾಲ್ ತುಂಬ ಜನರಿದ್ದರು. ಈಗ ಸುವರ್ಣಾ ಒಬ್ಬಳೇ ಇದ್ದಳು. ಮಾಡಬೇಕಾದ್ದನ್ನು ಒಮ್ಮೆ ಸಾಲಾಗಿ ಬರೆದುಕೊಟ್ಟರೆ ಗಣಕ ಅದನ್ನೇ ಪ್ರತಿ ಫೈಲಿಗೂ ಮಾಡುತ್ತ ಹೋಗುತ್ತಿತ್ತು.

ಆ ಸಲದ ಸಾಲಿನಲ್ಲಿ ಒಂದು ಹೊಸ ಹೆಜ್ಜೆ ಸೇರಿತ್ತು. ಮೇಲಿನ ಸೆಟ್ಟಿಗೆ ಅಂಗುಳವನ್ನು ಮುಚ್ಚುವ ಒಂದು ಪ್ಲೇಟು ಇರುತ್ತದಲ್ಲ, ಅದರಲ್ಲಿ ಆಯಾ ವ್ಯಕ್ತಿಯ ಅಂಗುಳದ ಏರುತಗ್ಗುಗಳೆಲ್ಲ ಹಾಗೆಯೇ ಮೂಡುತ್ತಿದ್ದವು. ತಗ್ಗಿನಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಿತ್ತು, ಬಿರುಕು ಬಿಡುವುದೂ ಅಲ್ಲಿಂದಲೇ. ಅದನ್ನೆಲ್ಲ ತುಂಬಿ ನಯಗೊಳಿಸಿದರೆ ಸೆಟ್ಟು ಹೆಚ್ಚು ಬಾಳುತ್ತದೆ ಎಂದು ಪರೀಕ್ಷೆಗಳು ಹೇಳಿದ್ದವು. ಕೇಂದ್ರದ ನಿರ್ದೇಶಕಿ ಡಾ. ವಿನುತಾ ಕಟ್ಟಿಮನಿ ಒಪ್ಪಿಗೆ ಕೊಟ್ಟರು. ಸುವರ್ಣಾ ‘ನಯಗೊಳಿಸು’ ಎಂಬುದರ ಮುಂದಿನ ಚೌಕದಲ್ಲಿ ಗುರುತು ಹಾಕಿದಳು. ಸೋಮವಾರ ಬರುವಷ್ಟರಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕಿ ಅಂಗುಳಗಳು ನುಣ್ಣಗಾಗಿದ್ದವು.

ಸುವರ್ಣಾಳ ಮಾವ ಫಕ್ಕೀರಪ್ಪನವರಿಗೂ ಆ ಬ್ಯಾಚಿನ ಸೆಟ್ಟು ಬಂತು. ಫಕ್ಕೀರಪ್ಪನವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಯಾವ ಬಸ್ಸು ಎಲ್ಲಿಗೆ, ಯಾವ ಊರ ಮೇಲೆ ಹೋಗುತ್ತದೆ ಎಂಬುದನ್ನು ಮೈಕಿನಲ್ಲಿ ಕೂಗಿ ಹೇಳುವುದು ಅವರ ನೌಕರಿಯಾಗಿತ್ತು. ಧ್ವನಿಮುದ್ರಿತ ಪ್ರಕಟಣೆಗಳು ಬಂದ ಮೇಲೂ ಜನ ಅವರ ದನಿಗೇ ಕಿವಿಗೊಡುತ್ತಾರೆಂದು ಅವರನ್ನು ಕೊನೆಯವರೆಗೂ ಮೈಕಿನ ಮುಂದೆ ಕೂಡಿಸಿದ್ದರು. ಹೊಸ ಸೆಟ್ಟು ಹಾಕಿಕೊಂಡ ದಿನ ಅವರು ಕಟಕರೊಟ್ಟಿಯನ್ನು ನೆನೆಸದೆ ಕಡಿದು ತಿಂದರು. ಸೊಸೆಗೆ, ನಿಮ್ಮ ಕೇಂದ್ರದ್ದು ಈ ಸಲ ಚಲೋ ಐತಿ ಎಂದರು.

ಆಮೇಲಿನ ತಿಂಗಳುಗಳಲ್ಲಿ ಮನೆಯೊಳಗೆ ಆದ ಬದಲಾವಣೆ ಎಷ್ಟು ಸಣ್ಣದಾಗಿತ್ತೆಂದರೆ ಅದು ಬದಲಾವಣೆಯೆಂದೇ ಯಾರಿಗೂ ಅನಿಸಲಿಲ್ಲ. ಫಕ್ಕೀರಪ್ಪನವರು ‘ಹೇಳು’ ಎನ್ನುವುದನ್ನು ಬಿಟ್ಟು ‘ಅನ್ನು’ ಎನ್ನತೊಡಗಿದರು. ಆ ಮೊದಲ ಶಬ್ದ ತಮ್ಮ ಬಾಯಲ್ಲಿ ಏನಾಗಿ ಹೊರಬೀಳುತ್ತದೆಂಬುದು ಅಂಗಡಿ ಕಟ್ಟೆಯ ಗೆಳೆಯರು ನಕ್ಕಾಗ ಅವರಿಗೆ ಗೊತ್ತಾಗಿತ್ತು. ಹುಳಿ ಎನ್ನುವ ಕಡೆ ಸಾರು ಎಂದರು. ಇಡೀ ದಿನ ಅಜ್ಜನ ಜೊತೆ ಇರುತ್ತಿದ್ದ ನಾಲ್ಕು ವರ್ಷದ ಮೊಮ್ಮಗಳು ಇಂಚರಾ ಬಾಳೆಹಣ್ಣಿಗೆ ‘ಬಾಲೆಹನ್ನು’ ಎಂದಳು. ಸುವರ್ಣಾ ಮತ್ತು ಅವಳ ಗಂಡ ಮಹಾಂತೇಶ ಮಗು ಮುದ್ದಾಗಿ ಮಾತಾಡುತ್ತದೆಂದು ಅದನ್ನು ಮತ್ತೆ ಮತ್ತೆ ಹೇಳಿಸಿ ನಕ್ಕರು. ಅಂಗನವಾಡಿಯ ಶಿಕ್ಷಕಿ, ಈ ವರ್ಷ ನಾಲಗೆ ತಿರುಗದ ಮಕ್ಕಳು ಬಹಳ ಎಂದು ಒಮ್ಮೆ ಹೇಳಿದ್ದಳು. ಅದನ್ನೂ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕೇಂದ್ರದಲ್ಲಿ ವರದಿಗಳು ಚೆನ್ನಾಗಿ ಬರುತ್ತಿದ್ದವು. ನೋವಿದೆಯೇ, ಅಗಿಯಲು ಬರುತ್ತದೆಯೇ, ಸೆಟ್ಟು ಸಡಿಲವೇ ಎಂದು ಆಶಾ ಕಾರ್ಯಕರ್ತೆಯರು ಕೇಳುತ್ತಿದ್ದರು. ಎಲ್ಲರೂ ಚಲೋ ಐತಿ ಎನ್ನುತ್ತಿದ್ದರು. ಮಾತು ಹೇಗಿದೆ ಎಂದು ಕೇಳುವುದು ಯಾರಿಗೂ ತೋಚಿರಲಿಲ್ಲ.

ಬೇಸಗೆಯ ಕೊನೆಗೆ ಫಕ್ಕೀರಪ್ಪನವರು ತಮ್ಮ ಅಕ್ಕ ಶಂಕ್ರವ್ವನ ಊರು ಕಳ್ಳಿಕೊಪ್ಪಕ್ಕೆ ಹೋಗಿದ್ದರು. ಶಂಕ್ರವ್ವನ ಮನೆಯವರೆಲ್ಲ ಆ ದಿನ ಒಂದು ಮದುವೆಗೆ ಹೋಗಿ, ಅಕ್ಕತಮ್ಮ ಇಬ್ಬರೇ ಉಳಿದಿದ್ದರು. ಮಧ್ಯಾಹ್ನ ಊಟಕ್ಕೆ ನೀಡುತ್ತಿದ್ದ ಶಂಕ್ರವ್ವ ಕೈಯೊಳಗಿನ ಸೌಟು ಬಿಟ್ಟು ಹಾಗೆಯೇ ಗೋಡೆಗೆ ಒರಗಿದಳು. ಬಾಯಿ ಒಂದು ಕಡೆ ವಾಲಿತು. ಲಕ್ವ ಎಂಬುದು ಫಕ್ಕೀರಪ್ಪನವರಿಗೆ ಕೂಡಲೇ ತಿಳಿಯಿತು. ತುರ್ತು ವಾಹನಕ್ಕೆ ಫೋನು ಮಾಡಿದರು.

ಆ ಕರೆಗಳಿಗೆ ಉತ್ತರಿಸುತ್ತಿದ್ದದ್ದು ಯಂತ್ರ. ಗುಡ್ಡದ ಈ ಬದಿಗೆ ಕಳ್ಳಿಕೊಪ್ಪ, ಆ ಬದಿಗೆ ಕಲ್ಲಿಕೊಪ್ಪ. ನಡುವೆ ಗುಡ್ಡದ ನೆತ್ತಿಯ ಮೇಲೆ ಎರಡಕ್ಕೂ ಒಂದೇ ಟವರ್. ಆ ಟವರಿನಿಂದ ಬಂದ ಕರೆ ಯಾವ ಊರಿನದೆಂದು ಫೋನಿನ ಗುರುತಿನಿಂದ ಹೇಳಲಾಗದು. ಹಾಗಾಗಿ ಯಂತ್ರ ಕರೆ ಮಾಡಿದವರ ಬಾಯಿಂದಲೇ ಊರ ಹೆಸರು ಕೇಳುತ್ತಿತ್ತು. ಫಕ್ಕೀರಪ್ಪನವರು ಹೇಳಿದರು. ‘ಕಲ್ಲಿಕೊಪ್ಪ, ವಾಹನ ಹೊರಟಿದೆ’ ಎಂದಿತು ಅದು. ‘ಕಲ್ಲಿ ಅಲ್ಲ, ಕಲ್ಲಿ’ ಎಂದು ಅವರು ತಿದ್ದಿದರು. ಮತ್ತೆ ತಿದ್ದಿದರು. ಯಂತ್ರ ಪ್ರತಿ ಸಲವೂ ಸಮಾಧಾನದ ದನಿಯಲ್ಲಿ ಅದೇ ಊರನ್ನು ಖಚಿತಪಡಿಸಿತು.

ವಾಹನ ಆ ಬದಿಯ ಊರಿಗೆ ಹೋಗಿ, ಅಲ್ಲಿ ಮನೆ ಹುಡುಕಿ, ಗುಡ್ಡ ಸುತ್ತಿಕೊಂಡು ಈ ಬದಿಗೆ ಹೊರಡುವಷ್ಟರಲ್ಲಿ ನೆರೆಯವರು ಶಂಕ್ರವ್ವನನ್ನು ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದರು. ಅವಳು ಬದುಕಿದಳು. ಬಲಗೈ, ಬಲಗಾಲು ಮತ್ತು ಮಾತು ಹೋದವು. ಒಂದು ತಾಸು ಮೊದಲು ತಂದಿದ್ದರೆ ಇಷ್ಟಾಗುತ್ತಿರಲಿಲ್ಲವೆಂದು ವೈದ್ಯರು ಹೇಳಿದರು.

ವಿಚಾರಣೆ ನಡೆಯಿತು. ಯಂತ್ರದಲ್ಲಿ ದೋಷವಿಲ್ಲ, ಕರೆ ಮಾಡಿದವರ ಉಚ್ಚಾರ ಅಸ್ಪಷ್ಟವಾಗಿತ್ತು ಎಂದು ತೀರ್ಮಾನವಾಯಿತು. ಮಹಾಂತೇಶ ಅದನ್ನು ತಂದೆಗೆ ಓದಿ ಹೇಳಿ, ವಯಸ್ಸಾದ ಮೇಲೆ ಗಾಬರಿಯಲ್ಲಿ ಹಾಗಾಗುವುದೇ ಎಂದು ಸಮಾಧಾನ ಮಾಡಲು ನೋಡಿದ. ಅಲ್ಲಿಂದ ಮುಂದೆ ಫಕ್ಕೀರಪ್ಪನವರು ಮನೆಯಲ್ಲಿ ಮಾತಾಡುವುದೇ ಕಡಿಮೆಯಾಯಿತು. ಅಜ್ಜ ಕಥೆ ಹೇಳುವುದಿಲ್ಲ ಎಂದು ಇಂಚರಾ ದೂರು ತಂದರೆ, ಅಜ್ಜನಿಗೆ ಅವರ ಅಕ್ಕನ ಚಿಂತೆ ಎಂದು ಸುವರ್ಣಾ ಹೇಳುತ್ತಿದ್ದಳು.

ಒಂದು ದಿನ ಕೇಂದ್ರದಲ್ಲಿ ವಿದ್ಯುತ್ ದುರಸ್ತಿಯಿದ್ದುದರಿಂದ ಸುವರ್ಣಾ ಮಧ್ಯಾಹ್ನವೇ ಮನೆಗೆ ಬಂದಳು. ಹಿತ್ತಲಲ್ಲಿ ಯಾರೋ ಊರುಗಳ ಹೆಸರು ಹೇಳುವುದು ಕೇಳಿಸಿತು. ಹಿಂಬಾಗಿಲಿಗೆ ಬಂದು ನೋಡಿದರೆ ಫಕ್ಕೀರಪ್ಪನವರು ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದ ಬಟ್ಟಲಲ್ಲಿ ನೀರು, ನೀರಿನಲ್ಲಿ ಹಲ್ಲು.

“ಹಿರೇಕೆರೂರ, ರಟ್ಟೀಹಳ್ಳಿ, ತುಮ್ಮಿನಕಟ್ಟಿ, ಕಳ್ಳಿಕೊಪ್ಪ,” ಎಂದರು. ಬೊಚ್ಚುಬಾಯಿಯಿಂದ ಗಾಳಿ ಸೋರುತ್ತಿತ್ತು, ಆದರೆ ಒಂದೊಂದು ಊರೂ ಅಚ್ಚುಕಟ್ಟಾಗಿ ಬೇರೆಯಾಗಿ ಬಿತ್ತು. ಆಮೇಲೆ ಹಲ್ಲು ಕೂಡಿಸಿಕೊಂಡು ಅದೇ ಹೆಸರುಗಳನ್ನು ಮತ್ತೆ ಹೇಳಿದರು. “ಹಿರೇಕೆರೂರ, ರತ್ತೀಹಲ್ಲಿ, ತುಮ್ಮಿನಕತ್ತಿ, ಕಲ್ಲಿಕೊಪ್ಪ.”

ಬಾಗಿಲಲ್ಲಿ ಸೊಸೆ ನಿಂತದ್ದು ಕಂಡು ಅವರು ಹಲ್ಲು ತೆಗೆದು ನೀರಿಗೆ ಹಾಕಿದರು.

“ಹಲ್ಲ ತಗದ್ರ ಊರ ಹೆಸರ ಬರ್ತೈತಿ ಯವ್ವಾ. ಹಾಕ್ಕೊಂಡ್ರ ಬರೂದಿಲ್ಲ. ಆ ದಿನ ತಗದಿಟ್ಟು ಫೋನ್ ಮಾಡಬೇಕಂತ ನನಗ ಹೊಳೀಲಿಲ್ಲ.”

ಸುವರ್ಣಾ ಅವರ ಎದುರಿಗೆ ನೆಲದ ಮೇಲೆ ಕೂತಳು. ಬಟ್ಟಲಿನಿಂದ ಸೆಟ್ಟನ್ನು ಎತ್ತಿ ಪ್ಲೇಟಿನ ಮೇಲೆ ಬೆರಳಾಡಿಸಿದಳು. ಗಾಜಿನ ಹಾಗೆ ನುಣುಪಾಗಿತ್ತು.

ಮರುದಿನ ಅವಳು ಕೇಂದ್ರದಲ್ಲಿ ಫಕ್ಕೀರಪ್ಪನವರ ಎರಡು ಫೈಲು ತೆರೆದಳು, ಬ್ಯಾಚಿಗೆ ಮೊದಲಿನದು ಒಂದು, ನಂತರದ್ದು ಒಂದು. ಪರದೆಯ ಮೇಲೆ ಎರಡನ್ನೂ ನಡುವೆ ಸೀಳಿ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಮುಂದಿನ ಹಲ್ಲುಗಳ ಹಿಂದೆ, ಅಂಗುಳ ಕಮಾನಿನಂತೆ ಮೇಲೇರುವಲ್ಲಿ, ಮೊದಲು ಇದ್ದ ತಗ್ಗು ಹೊಸದರಲ್ಲಿ ತುಂಬಿಹೋಗಿತ್ತು. ತುಂಬಿದ್ದು ಉಗುರಿನ ದಪ್ಪದಷ್ಟು. ತಾನೇ ಬಾಯೊಳಗೆ ಳ ಅಂದು ನೋಡಿದಳು. ನಾಲಗೆಯ ತುದಿ ಹಿಂದಕ್ಕೆ ಮಡಚಿ ಸರಿಯಾಗಿ ಆ ಜಾಗವನ್ನೇ ಮುಟ್ಟಿತು. ಟ, ಡ, ಣ, ಷ ಅಂದಳು. ಎಲ್ಲವೂ ಅಲ್ಲಿಯೇ. ಆ ಜಾಗ ದಪ್ಪಗಾದರೆ ನಾಲಗೆಗೆ ಮಡಚಲು ಎಡೆ ಸಾಲದು; ಅದು ಮುಂದಕ್ಕೆ ಜಾರಿ ಹಲ್ಲಿನ ಬುಡಕ್ಕೆ ತಾಗುತ್ತದೆ, ಳ ಹೋಗಿ ಲ ಆಗುತ್ತದೆ. ನೋವಿಲ್ಲ, ತೊಡಕಿಲ್ಲ. ನಾಲ್ಕು ದಿನಕ್ಕೆ ಅಭ್ಯಾಸವೂ ಆಗುತ್ತದೆ. ಆಮೇಲೆ ಅವಳು ಕಂಡಕಂಡ ಫೈಲುಗಳನ್ನು ತೆರೆಯುತ್ತ ಹೋದಳು. ಶಂಕ್ರವ್ವನದೂ ಸೇರಿ ಎಲ್ಲದರಲ್ಲೂ ಅದೇ ನುಣುಪು.

ಅವತ್ತು ಸಂಜೆ ಊಟಕ್ಕೆ ಮೊದಲು ಗಂಡ ಮತ್ತು ಮಾವನ ಎದುರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಆ ಬ್ಯಾಚ್ ಓಡಿಸಿದಾಕಿ ನಾನ ರೀ ಮಾವಾರ. ಉಚ್ಚಾರ ನಿಮ್ಮದ ತಪ್ಪಿರಲಿಲ್ಲ.”

ಇಂಥ ಸೆಟ್ಟು ಎಷ್ಟು ಮಂದಿಗೆ ಹೋಗಿದೆ ಎಂದು ಫಕ್ಕೀರಪ್ಪನವರು ಕೇಳಿದರು. ಹೇಳಿದಳು. ಅಷ್ಟೂ ಜನ ಹೀಗೆಯೇ ಮಾತಾಡುತ್ತಿದ್ದಾರೆಯೇ ಎಂದು ಕೇಳಿದರು. ಹೌದೆಂದಳು. ಮಹಾಂತೇಶ ಎದ್ದು ಹೊರಗೆ ಹೋದ. ಅವನು ಹೆಂಡತಿಯೊಂದಿಗೆ ಆ ವಾರವೆಲ್ಲ ಬೇಕಾದಷ್ಟೇ ಮಾತಾಡಿದ. ಫಕ್ಕೀರಪ್ಪನವರು ಮಾತ್ರ ಆ ಸಂಜೆ ಎರಡು ರೊಟ್ಟಿ ಹೆಚ್ಚು ಉಂಡರು. ತಪ್ಪು ಎಲ್ಲಿಯದೆಂದು ಗೊತ್ತಾದದ್ದೇ ಅವರಿಗೆ ಸಾಕಾಗಿತ್ತೇನೋ.

ಡಾ. ಕಟ್ಟಿಮನಿ ಕೆಟ್ಟ ಹೆಂಗಸಲ್ಲ. ಸುವರ್ಣಾ ತೋರಿಸಿದ ಚಿತ್ರಗಳನ್ನು ನೋಡಿ, ನಂಬಿಕೆ ಬಾರದೆ, ಬೇರೆ ಬೇರೆ ತಾಲ್ಲೂಕಿನ ಕೆಲವು ಹಿರಿಯರಿಗೆ ತಾವೇ ಫೋನು ಮಾಡಿ ಕುಶಲ ವಿಚಾರಿಸಿದರು. ಮಳೆ ಆಯಿತೇ, ಬೆಳೆ ಹೇಗಿದೆ ಎಂದು ಕೇಳಿದರು. ಪ್ರತಿಯೊಬ್ಬರೂ ‘ಮಲೆ ಚಲೋ ಆಗೈತ್ರಿ, ಬೆಲೆ ಚಲೋ ಐತ್ರಿ’ ಎಂದರು. ಫೋನು ಕೆಳಗಿಟ್ಟು ಅವರು ಕನ್ನಡಕ ಒರೆಸಿಕೊಂಡರು.

“ನಯ ಮಾಡಿದ್ದನ್ನ ತಗದು ಹಾಕಿದ್ರ?”

“ಮೊದಲಿನ ಹಂಗ ಎಲ್ಲಾ ತಗ್ಗು ಬಿಟ್ರ ಮತ್ತ ಬಿರುಕು ಬಿಡತಾವ ಮೇಡಂ. ನಾಲಗಿ ಮುಟ್ಟೂ ಜಾಗ ಅಷ್ಟ ತೆಳ್ಳಗ ಮಾಡಬೇಕು. ಆದ್ರ ಆ ಜಾಗ ಒಬ್ಬೊಬ್ಬರದು ಒಂದೊಂದು ಕಡೆ ಇರತೈತಿ.”

“ಅದನ್ನ ಗಣಕ ಹುಡಕೂದಿಲ್ಲೇನು?”

“ಇಲ್ರಿ. ಅವರ ಮಾತಾಡಿ ತೋರಿಸಬೇಕು.”

ದಾರಿ ಅವಳೇ ಕಂಡುಕೊಂಡಳು. ಜೇನಿನಲ್ಲಿ ಕಲಸಿದ ಅರಿಶಿನವನ್ನು ನಾಲಗೆಯ ತುದಿಗೂ ತುದಿಯ ಕೆಳಗೂ ಸವರಿ, ಹಲ್ಲಿಲ್ಲದ ಬಾಯಲ್ಲಿ ಒಮ್ಮೆ ‘ಅಳ’ ಎನ್ನಿಸುವುದು. ನಾಲಗೆ ಮುಟ್ಟಿದ ಕಡೆ ಅಂಗುಳದ ಮೇಲೆ ಹಳದಿ ಗುರುತು ಬೀಳುತ್ತದೆ. ಅದೇ ಪೆನ್ನಿನಂಥ ಸ್ಕ್ಯಾನರನ್ನು ಆಡಿಸಿದರೆ ಗುರುತು ಫೈಲಿಗೆ ಬರುತ್ತದೆ. ಆಮೇಲೆ ಗಣಕಕ್ಕೆ ಹೇಳುವುದು ಸುಲಭ: ಹಳದಿ ಇದ್ದಲ್ಲಿ ತೆಳುಮಾಡು, ಉಳಿದಲ್ಲಿ ಮುಟ್ಟಬೇಡ. ಇದನ್ನು ಒಂದು ಫೈಲಿಗೂ ಮಾಡಬಹುದು, ಅರವತ್ತು ಸಾವಿರಕ್ಕೂ ಮಾಡಬಹುದು.

ಮೊದಲ ಗುರುತು ಬಿದ್ದದ್ದು ಫಕ್ಕೀರಪ್ಪನವರ ಅಂಗುಳದಲ್ಲಿ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಅವರು ಬಾಯಿ ತೆರೆದು ಕೂತರೆ ಇಂಚರಾ ತನ್ನ ನಾಲಗೆಗೂ ಅರಿಶಿನ ಬೇಕೆಂದು ಹಟ ಹಿಡಿದಳು. ಹಚ್ಚಿದರು. ಅಜ್ಜ ಮೊಮ್ಮಗಳು ಒಬ್ಬರ ಬಾಯಿ ಒಬ್ಬರು ನೋಡುತ್ತ ‘ಅಳ, ಅಳ’ ಎಂದರು. ಮಗುವಿನ ಗುರುತು ಹಲ್ಲಿನ ಹತ್ತಿರವೇ ಬಿದ್ದಿತ್ತು. ವಾರದ ಮೇಲೆ ಪರೀಕ್ಷೆಯ ಹೆಸರಿನಲ್ಲಿ ಮುದ್ರಿಸಿದ ಸೆಟ್ಟು ಬಂತು. ಫಕ್ಕೀರಪ್ಪನವರು ಅದನ್ನು ಕೂಡಿಸಿಕೊಂಡು ಒಬ್ಬರೇ ಹಿತ್ತಲಿಗೆ ಹೋದರು. ಅವರು ಅಲ್ಲಿ ಯಾವ ಊರಿನ ಹೆಸರು ಹೇಳಿಕೊಂಡರೋ ಸುವರ್ಣಾ ಕೇಳಲು ಹೋಗಲಿಲ್ಲ. ಒಳಗೆ ಬಂದವರು, ಸ್ವಲ್ಪ ತಡವರಿಸಿದರೂ ಬರ್ತೈತಿ ಎಂದರು.

ಡಾ. ಕಟ್ಟಿಮನಿ ನೂರು ಜನರ ಮೇಲೆ ಪ್ರಯೋಗ ಮಾಡಿಸಿ, ಫಲ ಚೆನ್ನಾಗಿ ಬಂದದ್ದು ಕಂಡು, ಎಲ್ಲರಿಗೂ ಇದನ್ನು ಮಾಡಬೇಕೆಂದು ರಾಜಧಾನಿಗೆ ಬರೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು. ತುರ್ತು ಕರೆಯ ಯಂತ್ರಕ್ಕೆ ಈಗ ಹೊಸ ತರಬೇತಿ ಕೊಡಲಾಗಿದೆ. ಹಳೆಯ ಕರೆಗಳನ್ನೆಲ್ಲ ಒಂದೇ ಬ್ಯಾಚಿನಲ್ಲಿ ಅದಕ್ಕೆ ಕೇಳಿಸಲಾಗಿದೆ. ಹಿರಿಯರು ಲ ಎಂದರೆ ಅದು ಳ ಕೂಡ ಇರಬಹುದೆಂದು ತಿಳಿದು ಎರಡೂ ಊರಿನ ಹೆಸರು ಹೇಳಿ ಕೇಳುತ್ತದೆ. ಬ್ಯಾಂಕು, ಪಿಂಚಣಿ, ರೇಷನ್ನಿನ ಯಂತ್ರಗಳಿಗೂ ಇದನ್ನೇ ಅಳವಡಿಸಲಾಗುತ್ತಿದೆ. ಆದ್ದರಿಂದ ಸಮಸ್ಯೆ ಬಗೆಹರಿದಂತಾಗಿದೆ. ಬೇಕೆಂದು ಕೇಳಿದವರಿಗೆ ಮಾತ್ರ ಮುಂದಿನ ಸಲ ಹಳದಿ ಗುರುತಿನ ಸೆಟ್ಟು ಕೊಡಬಹುದು.

ಡಾ. ಕಟ್ಟಿಮನಿ ಆ ಪತ್ರವನ್ನು ಸುವರ್ಣಾಳ ಮುಂದೆ ಸರಿಸಿ, ಇದು ಕೂಡ ತಪ್ಪಲ್ಲ ಎಂದರು. ಸುವರ್ಣಾಳಿಗೂ ಇದು ತಪ್ಪೆಂದು ತೋರಿಸಿಕೊಡಲು ಆಗಲಿಲ್ಲ. ಇನ್ನು ಮೇಲೆ ಯಾರ ಮನೆಗೂ ವಾಹನ ತಪ್ಪಿ ಹೋಗುವುದಿಲ್ಲ.

ಕೇಳಿದವರು ಕಡಿಮೆ. ಆಶಾ ಕಾರ್ಯಕರ್ತೆಯರು ವಿಚಾರಿಸಿದರೆ ಬಹಳ ಜನ, ನಮಗೇನಾಗೈತಿ, ಚಲೋ ಅದೀವಿ ಎಂದು ಕಳಿಸಿದರು. ಭಜನೆಯ ಮನೆಗಳಲ್ಲಿ ಹಿರಿಯರು ಹೊಸ ಉಚ್ಚಾರದಲ್ಲೇ ಹಾಡುತ್ತಿದ್ದರು, ಕಿರಿಯರು ಅವರ ಹಿಂದೆ ದನಿಗೂಡಿಸುತ್ತಿದ್ದರು. ಸಂತೆಯಲ್ಲಿ ವ್ಯಾಪಾರದವರು ಅಜ್ಜಿಯರಿಗೆ ಅರ್ಥವಾಗಲೆಂದು ತಾವೂ ಹಾಗೆಯೇ ಕೂಗುತ್ತಿದ್ದರು. ಇಂಚರಾಳ ತರಗತಿಯಲ್ಲಿ ಶಿಕ್ಷಕಿ ಕಪ್ಪುಹಲಗೆಯ ಮೇಲೆ ಲ ಮತ್ತು ಳ ಎರಡನ್ನೂ ಬರೆದು, ಇದು ಸಣ್ಣ ಲ, ಇದು ದೊಡ್ಡ ಲ ಎಂದು ಕಲಿಸತೊಡಗಿದ್ದಳು. ಮುಂದಿನ ಬ್ಯಾಚಿನ ತಯಾರಿ ನಡೆದಾಗ ಸುವರ್ಣಾ ಕೇಳಿಕೊಂಡವರ ಫೈಲುಗಳನ್ನು ಬೇರೆ ತೆಗೆದಿಟ್ಟಳು. ಅವು ಒಂದು ಸಣ್ಣ ಕಟ್ಟಿನಷ್ಟಿದ್ದವು.

ಆ ದಿನಗಳಲ್ಲಿ ಒಂದು ಬೆಳಿಗ್ಗೆ ಫಕ್ಕೀರಪ್ಪನವರು ಸೊಸೆ ಕೆಲಸಕ್ಕೆ ಹೊರಟಾಗ ಬಾಗಿಲ ತನಕ ಬಂದರು.

“ಅಕ್ಕಂದೂ ಮಾಡಾಕ ಬರ್ತೈತೇನು?”

ಶಂಕ್ರವ್ವನಿಗೆ ಮಾತೇ ಇರಲಿಲ್ಲ. ಮಾತು ಕಲಿಸುವಾಕೆ ವಾರಕ್ಕೊಮ್ಮೆ ಕಳ್ಳಿಕೊಪ್ಪಕ್ಕೆ ಬಂದು, ಅಕ್ಷರಗಳ ಚಿತ್ರ ಹಿಡಿದು, ಬಾಯಿ ಹೊರಳಿಸಿ ತೋರಿಸಿ ಹೋಗುತ್ತಿದ್ದಳು. ಶಂಕ್ರವ್ವ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಅವಳಿಂದ ‘ಅಳ’ ಎನ್ನಿಸುವುದು ಹೇಗೆ? ಅನ್ನಿಸದಿದ್ದರೆ ಗುರುತು ಬೀಳುವುದಿಲ್ಲ, ಗುರುತಿಲ್ಲದಿದ್ದರೆ ಗಣಕಕ್ಕೆ ಹೇಳಲು ಏನೂ ಇಲ್ಲ.

“ನಾನೂ ಆಕಿನೂ ಒಂದ ತಾಯಿ ಮಕ್ಕಳ,” ಎಂದರು ಫಕ್ಕೀರಪ್ಪನವರು. “ಬಾಯಿ ಬ್ಯಾರೆ ಇರತೈತೇನು?”

ಬೇರೆ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ದಿನ ಊಟದ ಬಿಡುವಿನಲ್ಲಿ ತಮ್ಮನ ಫೈಲನ್ನೂ ಅಕ್ಕನ ಫೈಲನ್ನೂ ಒಟ್ಟಿಗೆ ತೆರೆದಳು. ಅಕ್ಕನ ಅಂಗುಳ ಕಿರಿದು, ಕಮಾನು ಸ್ವಲ್ಪ ಎತ್ತರ. ಆದರೆ ಅಂಗುಳ ಮೇಲೇರಲು ತೊಡಗುವ ತಿರುವು ಇಬ್ಬರದೂ ಒಂದೇ ತರಹ ಇತ್ತು. ಇದಕ್ಕೆ ಗಣಕದಲ್ಲಿ ಯಾವ ಆಜ್ಞೆಯೂ ಇರಲಿಲ್ಲ. ಅವಳು ತಮ್ಮನ ಹಳದಿ ಗುರುತನ್ನು ಎತ್ತಿ ಅಕ್ಕನ ಅಂಗುಳದ ಮೇಲಿಟ್ಟು, ಕೈಯಿಂದಲೇ ಕಿರಿದು ಮಾಡಿ, ಅತ್ತ ಇತ್ತ ಸರಿಸಿ, ಮನಸ್ಸಿಗೆ ಸರಿ ಕಂಡಲ್ಲಿ ಬಿಟ್ಟಳು. ಹೀಗೆ ಒಂದು ಫೈಲನ್ನು ಕೈಯಿಂದ ತಿದ್ದದೆ ವರ್ಷಗಳೇ ಆಗಿದ್ದವು. ಅವಳು ಊಟ ಮಾಡಲಿಲ್ಲವೆಂಬುದು ಸಂಜೆ ಡಬ್ಬಿ ತೆರೆದಾಗ ನೆನಪಾಯಿತು.

ಸೆಟ್ಟನ್ನು ಫಕ್ಕೀರಪ್ಪನವರೇ ಒಯ್ದು ಕೊಟ್ಟರು. ಆಮೇಲೆ ವಾರಕ್ಕೊಮ್ಮೆ ಹೋಗಿ ಅಕ್ಕನ ಹತ್ತಿರ ಕೂತು, ಬಸ್ಸಿನಲ್ಲಿ ಯಾರು ಸಿಕ್ಕರು, ಯಾವ ಊರಿನಲ್ಲಿ ರಸ್ತೆ ಕೆಟ್ಟಿದೆ ಎಂದು ಒಬ್ಬರೇ ಮಾತಾಡಿ ಬರುತ್ತಿದ್ದರು. ಶಂಕ್ರವ್ವ ಕೇಳುತ್ತಿದ್ದಳು. ಕೆಲವೊಮ್ಮೆ ಏನೋ ಅನ್ನಲು ಹೊರಟಂತೆ ಬಾಯಿ ತೆರೆದು ಮುಚ್ಚುತ್ತಿದ್ದಳು. ಮಾತು ಕಲಿಸುವಾಕೆ, ಇಷ್ಟು ತಿಂಗಳಾದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ರವಿವಾರ ಎಲ್ಲರೂ ಕಳ್ಳಿಕೊಪ್ಪಕ್ಕೆ ಹೋಗಿದ್ದರು. ಮಧ್ಯಾಹ್ನ ಪಂಕ್ತಿಗೆ ಕೂತಿದ್ದರು. ಶಂಕ್ರವ್ವನನ್ನು ಗೋಡೆಗೆ ದಿಂಬಿಟ್ಟು ಕೂಡಿಸಿ, ಮುಂದೆ ರೊಟ್ಟಿ, ಕಾಳುಪಲ್ಯ ಬಡಿಸಿದ್ದರು. ಅವಳು ಎಡಗೈಯಿಂದ ರೊಟ್ಟಿ ಮುರಿದು ತಟ್ಟೆಯನ್ನೆಲ್ಲ ಒಮ್ಮೆ ನೋಡಿದಳು. ಹುಬ್ಬು ಗಂಟಿಕ್ಕಿದಳು. ದವಡೆ ಅಲುಗಾಡಿತು.

“ಉ,” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ನೀರು ಬೇಕಿರಬಹುದೆಂದು ಮಹಾಂತೇಶ ಚೊಂಬು ಸರಿಸಿದ. ಅವಳು ಚೊಂಬನ್ನು ಎಡಗೈಯಿಂದ ಆಚೆ ತಳ್ಳಿದಳು.

“ಉಳ್ಳಾ,” ಎಂದು ನಿಲ್ಲಿಸಿ, ಉಸಿರು ತೆಗೆದುಕೊಂಡು, ಸಿಟ್ಟಿನಿಂದ ಎಂಬಂತೆ ಉಳಿದದ್ದನ್ನೂ ಹೊರಗೆ ಹಾಕಿದಳು. “ಉಳ್ಳಾಗಡ್ಡಿ.”

ಬಡಿಸುತ್ತಿದ್ದ ಶಂಕ್ರವ್ವನ ಸೊಸೆ ಕೈ ಬಾಯಿಗಿಟ್ಟುಕೊಂಡಳು. ಸುವರ್ಣಾ ತುತ್ತು ಹಿಡಿದವಳು ಹಾಗೆಯೇ ಕೂತುಬಿಟ್ಟಳು. ಫಕ್ಕೀರಪ್ಪನವರು ಎಲ್ಲರಿಗಿಂತ ಮೊದಲು ಎದ್ದು, ಎಂಜಲು ಕೈಯಲ್ಲೇ ಅಡುಗೆಮನೆಗೆ ಹೋಗಿ, ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತೆಗೆದು, ನೆಲದ ಮೇಲಿಟ್ಟು ಎಡಗೈ ಮುಷ್ಟಿಯಿಂದ ಗುದ್ದಿ ಒಡೆದು, ಅಕ್ಕನ ತಟ್ಟೆಗೆ ತಂದು ಹಾಕಿದರು. ಶಂಕ್ರವ್ವ ಅದರ ಒಂದು ಎಸಳು ಬಿಡಿಸಿ ಬಾಯಿಗಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಉಣ್ಣತೊಡಗಿದಳು.